ಫೋಟೋ ಯಾರಿಗೂ ತೋರಿಸದೆ ತಡೆ ಕೋರುವ ಸೇವೆ: ಸ್ಟಾಪ್ ಎನ್‌ಸಿಐಐ

ನಾನು ಬಾಗಲಕೋಟೆಯ ನವನಗರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಅಲ್ಲಿನ ಮಹಿಳಾ ಘಟಕದ ಕೆಲಸವೂ ನನ್ನ ಪಾಲಿಗೆ ಬಂದಿದೆ. ನಮ್ಮ ಕಡೆ ಇಳಕಲ್ ಸೀರೆ ಮಾರುವ ಸಣ್ಣ ಅಂಗಡಿಗಳೂ ಈಗ ಇನ್‌ಸ್ಟಾಗ್ರಾಮಿನಲ್ಲಿ ಪುಟ ತೆರೆದು, ಊರಿನ ಹುಡುಗಿಯರಿಗೇ ಸೀರೆ ಉಡಿಸಿ ಫೋಟೋ ಹಾಕುತ್ತವೆ. ಆದ್ದರಿಂದ ಮಾಡೆಲಿಂಗ್‌ಗೆ ಕರೆಯುವ ಸಂದೇಶ ಬಂದರೆ ಯಾರಿಗೂ ಥಟ್ಟನೆ ಅನುಮಾನ ಹುಟ್ಟುವುದಿಲ್ಲ. ನಮ್ಮ ವಿದ್ಯಾರ್ಥಿನಿಯೊಬ್ಬಳಿಗೆ ಬಂದದ್ದೂ ಅಂಥದೇ ಸಂದೇಶ. ಸೀರೆಯಿಂದ ಶುರುವಾದ ಬೇಡಿಕೆ ಮೆಲ್ಲಗೆ ಬೇರೆ ಬಗೆಯ ಚಿತ್ರಗಳಿಗೆ ಇಳಿದು, ಕೊನೆಗೆ ಪುಣೆಯ ಲಾಡ್ಜೊಂದರಲ್ಲಿ ವಿಡಿಯೊ ತೆಗೆಯುವವರೆಗೆ ಹೋಗಿತ್ತು. ಇನ್ನಷ್ಟು ವಿಡಿಯೊಗಳಿಗೆ ಒಪ್ಪದಿದ್ದರೆ ಇರುವುದನ್ನೆಲ್ಲ ಅಶ್ಲೀಲ ಜಾಲತಾಣಗಳಿಗೆ ಹಾಕುತ್ತೇನೆಂದು ಆತ ಬೆದರಿಸತೊಡಗಿದಾಗ ಅವಳು ನನ್ನ ಬಳಿ ಬಂದಳು. (ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಅವಳ ಮೊದಲ ಪ್ರಶ್ನೆ, "ಮೇಡಂ, ಫೋಟೋ ನಿಮಗ ತೋರಸಬೇಕಾಗ್ತದೇನ್ರಿ?"

ಬೇಕಾಗುವುದಿಲ್ಲ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾದದ್ದು ಸ್ಟಾಪ್ ಎನ್‌ಸಿಐಐ ಎಂಬ ಉಚಿತ ಸೇವೆಯಿಂದ. ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರ ಹರಡುವುದನ್ನು ತಡೆಯಲೆಂದು ಬ್ರಿಟನ್ನಿನ ದತ್ತಿ ಸಂಸ್ಥೆಯೊಂದು 2021ರ ಡಿಸೆಂಬರಿನಲ್ಲಿ ಆರಂಭಿಸಿದ ಈ ಸೇವೆಯನ್ನು ಇಲ್ಲಿಂದಲೂ ಬಳಸಬಹುದು. ತಾಣದಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರಿಸಿ ಫೋಟೋ ಆರಿಸಿದರೆ, ಆ ಫೋಟೋ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ. ಫೋನಿನೊಳಗೇ ಅದಕ್ಕೊಂದು ಬೆರಳಚ್ಚಿನಂಥ ಸಂಕೇತ, ಅಂದರೆ ಹ್ಯಾಶ್, ತಯಾರಾಗಿ ಅದು ಮಾತ್ರ ರವಾನೆಯಾಗುತ್ತದೆ. ಬೆರಳಚ್ಚು ನೋಡಿ ಮನುಷ್ಯನ ಮುಖ ಬಿಡಿಸಲಾಗದ ಹಾಗೆ, ಆ ಸಂಕೇತದಿಂದ ಚಿತ್ರವನ್ನು ಮತ್ತೆ ಕಟ್ಟಲು ಬರುವುದಿಲ್ಲ. ಸೇವೆಗೆ ಸೇರಿಕೊಂಡ ಕಂಪನಿಗಳು ತಮ್ಮಲ್ಲಿರುವ ಚಿತ್ರಗಳನ್ನು ಈ ಸಂಕೇತದೊಂದಿಗೆ ಹೋಲಿಸಿ, ತಾಳೆಯಾದದ್ದನ್ನು ತಮ್ಮ ನಿಯಮದಂತೆ ಪರಿಶೀಲಿಸಿ ತೆಗೆಯುತ್ತವೆ. ಕೊನೆಯಲ್ಲಿ ಪ್ರಕರಣದ ಸಂಖ್ಯೆ ಸಿಗುತ್ತದೆ. ಅದನ್ನೂ ಪಿನ್ನನ್ನೂ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಹುಡುಗಿ ನನ್ನೆದುರಿನ ಬೆಂಚಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತು, ಪರದೆಯನ್ನು ನನ್ನತ್ತ ಒಮ್ಮೆಯೂ ತಿರುಗಿಸದೆ, ಅಷ್ಟನ್ನೂ ತಾನೇ ಮುಗಿಸಿದಳು. ನನ್ನ ಮಟ್ಟಿಗೆ ಈ ಸೇವೆಯ ದೊಡ್ಡ ಗುಣ ಇದೇ. ಬೆದರಿಸುವವನು ಬಂಡವಾಳ ಮಾಡಿಕೊಳ್ಳುವುದು ಚಿತ್ರವನ್ನಲ್ಲ, ಇನ್ನೊಬ್ಬರಿಗೆ ಅದನ್ನು ತೋರಿಸಬೇಕಾದೀತೆಂಬ ಅಂಜಿಕೆಯನ್ನು.

ಒಂದು ತೊಡಕು ವಯಸ್ಸಿನದು. ಈ ಸೇವೆ 18 ತುಂಬಿದವರ ಚಿತ್ರಗಳಿಗೆ ಮಾತ್ರ. ಅವಳಿಗೀಗ 19 ಆದರೂ ಎರಡು ಫೋಟೋಗಳು ಪಿಯುಸಿಯಲ್ಲಿದ್ದಾಗ, 17ರಲ್ಲಿ ತೆಗೆದವು. ಅಂಥವಕ್ಕೆ ಅಮೆರಿಕದ ಸಂಸ್ಥೆಯೊಂದು 2023ರಲ್ಲಿ ತೆರೆದ, ಇದೇ ಬಗೆಯ ಟೇಕ್ ಇಟ್ ಡೌನ್ ಎಂಬ ಇನ್ನೊಂದು ಸೇವೆಯಿದೆ. ಈಗ ದೊಡ್ಡವರಾಗಿದ್ದರೂ ಅಂದಿನ ಚಿತ್ರಕ್ಕೆ ಅದನ್ನು ಬಳಸಬಹುದು. ಆದರೆ ಇಲ್ಲಿ ನನ್ನಂಥವರು ಮರೆಯಬಾರದ ಮಾತೊಂದಿದೆ. 18ರೊಳಗಿನವರ ವಿಷಯ ಬಂದ ಕೂಡಲೇ 2012ರ ಪೋಕ್ಸೊ ಕಾಯ್ದೆ ಅನ್ವಯವಾಗುತ್ತದೆ, ಮತ್ತು ಅದರ 19ನೇ ಕಲಮಿನ ಪ್ರಕಾರ ಅಪರಾಧದ ಸುಳಿವು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. "ಮನೆಯವರಿಗೆ ಗೊತ್ತಾಗದಂತೆ ಮುಗಿಸೋಣ" ಎಂದು ಸಮಾಧಾನಪಡಿಸುವ ಸ್ವಾತಂತ್ರ್ಯ ಶಿಕ್ಷಕರಿಗಿಲ್ಲ. ಹಾಗೆಯೇ, ಸಾಕ್ಷಿಗಿರಲಿ ಎಂದು ಅಂಥ ಚಿತ್ರವನ್ನು ತಮ್ಮ ವಾಟ್ಸ್ಆ್ಯಪ್‌ಗೆ ಕಳಿಸಿಕೊಳ್ಳುವ ಒಳ್ಳೆಯ ಮನಸ್ಸಿನವರು ತಾವೇ ಕಾನೂನಿನ ಕೈಗೆ ಸಿಕ್ಕಿಬೀಳಬಹುದು.

ಸೇರಿಕೊಂಡ ಕಂಪನಿಗಳಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ರೆಡಿಟ್ ಇವೆ. ಪೋರ್ನ್‌ಹಬ್, ಓನ್ಲಿಫ್ಯಾನ್ಸ್‌ನಂಥ ವಯಸ್ಕರ ತಾಣಗಳೂ ಇವೆ. ಪೋರ್ನ್‌ಹಬ್ ಹೆಸರು ನೋಡಿದಾಗ ನನಗೆ 2020ರ ಡಿಸೆಂಬರ್ ನೆನಪಾಯಿತು. ಅಪ್ರಾಪ್ತರ ವಿಡಿಯೊಗಳ ಸುದ್ದಿ ಹೊರಬೀಳುವವರೆಗೆ ಆ ತಾಣದಲ್ಲಿ ಯಾರು ಬೇಕಾದರೂ ಏನನ್ನು ಬೇಕಾದರೂ ಏರಿಸಬಹುದಿತ್ತು. ವೀಸಾ, ಮಾಸ್ಟರ್‌ಕಾರ್ಡ್ ಎಂಬ ಕಾರ್ಡ್ ಕಂಪನಿಗಳು ಹಣ ಪಾವತಿ ನಿಲ್ಲಿಸಿದ ಬಳಿಕವೇ ಗುರುತು ದೃಢಪಡಿಸದವರು ಹಾಕಿದ್ದ ಲಕ್ಷಗಟ್ಟಲೆ ವಿಡಿಯೊಗಳು ಒಮ್ಮೆಗೇ ಕಾಣೆಯಾದವು. ಸೇರದ ತಾಣಗಳ ಮೇಲೆ ಈ ಸಂಕೇತಕ್ಕೆ ಯಾವ ಹಿಡಿತವೂ ಇಲ್ಲ. ಚಿತ್ರವನ್ನು ಕತ್ತರಿಸಿದರೆ, ಫಿಲ್ಟರ್ ಹಾಕಿದರೆ ಗುರುತು ತಪ್ಪಿಹೋಗುವುದೂ ಉಂಟು.

ಇವನ್ನೆಲ್ಲ ನಾನು ಒಪ್ಪಿಕೊಳ್ಳಬಲ್ಲೆ. ನನ್ನ ನಿಜವಾದ ತಕರಾರು ಬೇರೆ: ಸಂಕೇತ ತಯಾರಾಗಬೇಕಾದರೆ ಚಿತ್ರದ ಪ್ರತಿ ಹುಡುಗಿಯ ಕೈಯಲ್ಲಿರಬೇಕು. ಅವಳೇ ತೆಗೆದು ಕಳಿಸಿದ ಫೋಟೋಗೆ ಇದು ಹೊಂದುತ್ತದೆ. ಆದರೆ ಅಶ್ಲೀಲ ವಿಡಿಯೊಗಳ ಉದ್ಯಮದಲ್ಲಿ ಕ್ಯಾಮೆರಾ ಹಿಡಿದವನು ಇನ್ನೊಬ್ಬ, ಪ್ರತಿ ಇಟ್ಟುಕೊಂಡವನೂ ಅವನೇ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಗರ್ಲ್ಸ್‌ಡೂಪೋರ್ನ್ ಎಂಬ ತಾಣದವರು ಮಾಡೆಲಿಂಗ್ ಜಾಹೀರಾತು ಕೊಟ್ಟು ಆಗಷ್ಟೇ 18 ದಾಟಿದ ಹುಡುಗಿಯರನ್ನು ಕರೆಸಿ, ವಿಡಿಯೊ ಹೊರದೇಶಗಳಲ್ಲಿ ಡಿವಿಡಿಯಾಗಿ ಮಾತ್ರ ಮಾರಾಟವಾಗುತ್ತದೆ, ಇಂಟರ್ನೆಟ್ಟಿಗೆ ಬರುವುದೇ ಇಲ್ಲ ಎಂದು ನಂಬಿಸಿದ್ದರು. 22 ಮಹಿಳೆಯರು ದಾವೆ ಹೂಡಿ, 2020ರ ಜನವರಿಯಲ್ಲಿ ಸುಮಾರು 1 ಕೋಟಿ 27 ಲಕ್ಷ ಡಾಲರ್ ಪರಿಹಾರದ ತೀರ್ಪು ಪಡೆದರು. ತಲೆಮರೆಸಿಕೊಂಡಿದ್ದ ಮುಖ್ಯ ಆರೋಪಿ ಮೈಕಲ್ ಪ್ರ್ಯಾಟ್‌ಗೆ 27 ವರ್ಷಗಳ ಸೆರೆವಾಸವಾದದ್ದು 2025ರಲ್ಲಿ. ಅಂಥ ಹುಡುಗಿ ಈ ಸೇವೆ ಬಳಸಬೇಕೆಂದರೆ ತನ್ನ ವಿಡಿಯೊ ಹೊರಬೀಳುವವರೆಗೆ ಕಾದು, ಅದನ್ನು ತಾನೇ ಹುಡುಕಿ, ಇಳಿಸಿಕೊಳ್ಳಬೇಕು.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಬಳಸುವವರಿಗೆ ಒಂದು ಸೂಚನೆ: ಹೆದರಿ ಫೋಟೋಗಳನ್ನಾಗಲಿ ಬೆದರಿಕೆಯ ಸಂದೇಶಗಳನ್ನಾಗಲಿ ಮೊದಲೇ ಅಳಿಸಬೇಡಿ, ಅಳಿಸಿದರೆ ಇಲ್ಲಿ ಸಂಕೇತವೂ ಹುಟ್ಟುವುದಿಲ್ಲ, ಠಾಣೆಯಲ್ಲಿ ಸಾಕ್ಷಿಯೂ ಉಳಿಯುವುದಿಲ್ಲ. ನಮ್ಮ ಹುಡುಗಿಯ ಫೋನಿನಲ್ಲಿದ್ದ ಏಳು ಫೋಟೋಗಳಲ್ಲಿ ಐದರ ಸಂಕೇತ ಇಲ್ಲಿಗೆ, ಎರಡರದು ಟೇಕ್ ಇಟ್ ಡೌನ್‌ಗೆ ಅಂದು ಮಧ್ಯಾಹ್ನವೇ ಹೋದವು. ಪುಣೆಯ ವಿಡಿಯೊ ಅವಳ ಬಳಿ ಇರಲಿಲ್ಲ. ಅದರ ಸಲುವಾಗಿ ಮರುದಿನ ನಾವಿಬ್ಬರೂ ಠಾಣೆಗೆ ಹೋದೆವು.