ಅಣ್ಣ ಅಂದ್ರೆ ಅಪ್ಪ: ಬೆಂಗಳೂರಲ್ಲಿ ಥೆರಪಿಸ್ಟ್ ಹುಡುಕಿದ್ದು

ನಮ್ಮ ಮನೆಯಲ್ಲಿ ಅಪ್ಪನನ್ನು ಕರೆಯೋದೇ ಅಣ್ಣ ಅಂತ. ಮೈಸೂರು, ಮಂಡ್ಯ ಕಡೆ ಎಷ್ಟೋ ಮನೆಗಳಲ್ಲಿ ಹಾಗೇ. ಇದನ್ನು ಮೊದಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ನಾನು ದುಡ್ಡು ಕೊಟ್ಟು ಮಾತಾಡಿದ ಮೊದಲ ಕೌನ್ಸೆಲರ್‌ಗೆ ಎರಡು ಸೆಷನ್ ಮುಗಿದರೂ ತೀರಿಕೊಂಡಿದ್ದು ನನ್ನ ಅಪ್ಪ ಅಂತ ಗೊತ್ತಾಗಿರಲಿಲ್ಲ.

ಅಣ್ಣ ಹೋಗಿದ್ದು ಫೆಬ್ರವರಿಯಲ್ಲಿ. ಹದಿಮೂರು ದಿನ ಮನೆ ತುಂಬ ಜನ. ಹದಿನಾಲ್ಕನೇ ದಿನ ಚಾಪೆ, ದಿಂಬು ಎಲ್ಲ ಮಡಚಿಟ್ಟಾಯ್ತು, ಹದಿನೈದನೇ ದಿನ ನಾನು ಆಫೀಸಿಗೂ ಹೋದೆ. ಚೆನ್ನಾಗೇ ಇದ್ದೆ. ಜೂನ್‌ನಲ್ಲಿ ಒಂದು ಸಂಜೆ ತಲೆನೋವಿನ ಮಾತ್ರೆ ತರೋಕೆ ಮೆಡಿಕಲ್ ಶಾಪಿಗೆ ಹೋದರೆ ಅಂಗಡಿಯವರು ನನ್ನ ಮುಖ ನೋಡಿದ್ದೇ ಫ್ರಿಜ್ ತೆಗೆದು ಅಣ್ಣನ ಇನ್ಸುಲಿನ್ ಕೌಂಟರ್ ಮೇಲಿಟ್ಟರು. ಅವರಿಗೆ ವಿಷಯ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ದುಡ್ಡು ಕೊಟ್ಟು ಮನೆಗೆ ತಂದು ಫ್ರಿಜ್ ಬಾಗಿಲಲ್ಲಿ, ಯಾವಾಗಲೂ ಇಡ್ತಿದ್ದ ಜಾಗದಲ್ಲೇ ಇಟ್ಟೆ. ಮಾತ್ರೆ ತರೋದು ಮರೆತೇಹೋಗಿತ್ತು. ರಾತ್ರಿ ಹಾಲು ಇಡೋಕೆ ಹೋದ ಹೆಂಡತಿ ಅದನ್ನು ನೋಡಿದಳು, ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಆಮೇಲೆ "ಯಾರಿಗಾದ್ರೂ ತೋರಿಸ್ಕೊಳ್ಳಿ" ಅಂದಳು.

ಯಾರಿಗೆ ತೋರಿಸೋದು? ಮೊದಲು ಮಾಡಿದ್ದು ಎಲ್ಲರೂ ಮಾಡೋದೇ, ಒಂದು ಆ್ಯಪ್ ಹಾಕಿಕೊಂಡೆ. 45 ನಿಮಿಷಕ್ಕೆ 900 ರೂಪಾಯಿ. ಭಾಷೆ ಅನ್ನೋ ಕಡೆ ಕನ್ನಡ ಒತ್ತಿದ್ದೆ, ಅವರ ಪ್ರೊಫೈಲ್‌ನಲ್ಲೂ ಕನ್ನಡ ಅಂತ ಇತ್ತು, ವಿಡಿಯೋ ಶುರುವಾದ ಮೇಲೆ ನೋಡಿದರೆ "ಸ್ವಲ್ಪ ಸ್ವಲ್ಪ ಬರುತ್ತೆ" ಅಂದರು. ಸರಿ ಅಂತ ಇಂಗ್ಲಿಷಲ್ಲೇ ಮಾತಾಡಿದೆ. ಆಫೀಸಲ್ಲಿ ದಿನವಿಡೀ ಮಾತಾಡೋದು ಅದನ್ನೇ ಅಲ್ವಾ, ಕಷ್ಟ ಏನಿದೆ ಅಂತ. ಆದರೆ ಸ್ಟೇಟಸ್ ಮೀಟಿಂಗ್‌ನಲ್ಲಿ ವರದಿ ಒಪ್ಪಿಸೋ ಹಾಗೆ ಎಲ್ಲ ಹೇಳಿಬಿಟ್ಟೆ, ಐಸಿಯುನಲ್ಲಿ ಎಷ್ಟು ದಿನ, ಡಾಕ್ಟರ್ ಏನಂದರು ಅಂತ. ಅಳು ಬರಲೇ ಇಲ್ಲ. ಮಧ್ಯೆ ಮಧ್ಯೆ ಅಣ್ಣ ಅಣ್ಣ ಅಂತ ಬಾಯಿಗೆ ಬರ್ತಿತ್ತು. ಎರಡನೇ ಸೆಷನ್ ಕೊನೆಗೆ ಅವರು, ಚಿಕ್ಕವಯಸ್ಸಲ್ಲಿ ನೀವಿಬ್ಬರೂ ಜಗಳ ಆಡ್ತಿದ್ರಾ, ನಿಮ್ಮ ಬ್ರದರ್ ನಿಮಗಿಂತ ಎಷ್ಟು ವರ್ಷ ದೊಡ್ಡವರು ಅಂತ ಕೇಳಿದರು. ತಿದ್ದೋಕೂ ಮನಸ್ಸಾಗಲಿಲ್ಲ. ಮೂರು ವರ್ಷ ಅಂದುಬಿಟ್ಟೆ! ಉಳಿದ ಸೆಷನ್‌ಗಳ ದುಡ್ಡು ವಾಪಸ್ ಬರಲಿಲ್ಲ.

ಎರಡನೆಯದು ಮನೆ ಹತ್ತಿರದ ಕ್ಲಿನಿಕ್, 1,500 ರೂಪಾಯಿ. ಕನ್ನಡ ಚೆನ್ನಾಗಿತ್ತು. ಆದರೆ ಕೂತ ಹತ್ತೇ ನಿಮಿಷಕ್ಕೆ ಅವರು ಹಾಳೆ ತಗೊಂಡು ಐದು ಡಬ್ಬ ಬರೆದು, ದುಃಖದ ಐದು ಹಂತ ಅಂತ, ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆ, ಒಪ್ಪಿಗೆ ಅಂತ ತುಂಬಿಸಿ, "ನೀವಿನ್ನೂ ಮೊದಲನೇದರಲ್ಲೇ ಇದ್ದೀರಿ" ಅಂತ ಪೆನ್ನಲ್ಲಿ ತೋರಿಸಿದರು. ಮೆಟ್ರೋ ಮ್ಯಾಪ್ ಥರ. ಅಲ್ಲಿಗೆ ಮತ್ತೆ ಹೋಗಲಿಲ್ಲ.

ಆಮೇಲೆ ಒಂದು ರಾತ್ರಿ ಒಂದೂವರೆಗೆ ನಿದ್ದೆ ಬಾರದೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿದೆ, 14416. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, 24 ಗಂಟೆಯೂ ಇರುತ್ತೆ, ಕನ್ನಡ ಆರಿಸಿಕೊಳ್ಳಬಹುದು. ಸರ್ಕಾರದ್ದು ಅಂತ ನಾನು ಅಸಡ್ಡೆಯಿಂದಲೇ ಒತ್ತಿದ್ದೆ. ಒಬ್ಬ ಹೆಣ್ಣುಮಗಳು ಎತ್ತಿದರು, ದನಿ ಕೇಳಿದರೆ ಉತ್ತರ ಕರ್ನಾಟಕದವರು. "ಅಣ್ಣ ಹೋದರು" ಅಂದೆ. "ಅಣ್ಣಾರಂದ್ರ ನಿಮ್ಮ ತಂದೆಯವರಾ ಅಥವಾ ಅಣ್ಣನಾ?" ಅಂತ ತಕ್ಷಣ ಕೇಳಿದರು ನೋಡಿ. ಅಷ್ಟೇ ಸಾಕಾಯ್ತು, ಐದು ತಿಂಗಳಲ್ಲಿ ಬಾರದಿದ್ದ ಅಳು ಅವತ್ತು ಬಂತು. ಅವರು ಫೋನ್ ಇಡಲೂ ಇಲ್ಲ, ಸಮಾಧಾನ ಮಾಡೋಕೂ ಹೋಗಲಿಲ್ಲ, ಕಾದರು. ಕೊನೆಗೆ, ಎದುರಿಗೆ ಕೂತು ಮಾತಾಡೋರು ಒಬ್ಬರು ಬೇಕು ನಿಮಗೆ, ಕ್ಲಿನಿಕಲ್ ಸೈಕಾಲಜಿಸ್ಟ್ ಹುಡುಕಿ, ಆರ್‌ಸಿಐ ನೋಂದಣಿ ಇದೆಯಾ ಕೇಳಿ ಅಂದರು.

ಈ ಆರ್‌ಸಿಐ ವಿಷಯ ನನಗೆ ಗೊತ್ತೇ ಇರಲಿಲ್ಲ. ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ ಅಂತ, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಅಲ್ಲಿ ನೋಂದಾಯಿಸಿಕೊಂಡಿರಬೇಕು. ಬರೀ ಥೆರಪಿಸ್ಟ್, ಲೈಫ್ ಕೋಚ್ ಅನ್ನೋ ಬೋರ್ಡ್ ನೋಡಿ ಏನೂ ಗೊತ್ತಾಗಲ್ಲ, ಏನು ಓದಿದ್ದಾರೆ ಅಂತ ಬಾಯಿಬಿಟ್ಟು ಕೇಳಬೇಕು. ಮಾತ್ರೆ ಬರೆಯೋದು ಸೈಕಿಯಾಟ್ರಿಸ್ಟ್, ಅವರು ಡಾಕ್ಟರು. ನಿಮ್ಹಾನ್ಸ್ ಅಂದಕೂಡಲೇ "ಅಯ್ಯೋ ಅಲ್ಲಿಗಾ" ಅನ್ನೋ ನೆಂಟರಿದ್ದರೆ, ನಿಮ್ಹಾನ್ಸ್‌ನವರದ್ದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಬಿಟಿಎಂ ಲೇಔಟ್‌ನಲ್ಲಿದೆ.

ಈಗ ನಾನು ಹೋಗ್ತಿರೋದು ಜಯನಗರದ ಒಬ್ಬರ ಹತ್ತಿರ. ಅವರನ್ನು ಕೇಳಿಲ್ಲ, ಹಾಗಾಗಿ ಹೆಸರು ಹಾಕಲ್ಲ. 50 ನಿಮಿಷಕ್ಕೆ 1,200. ಬುಕ್ ಮಾಡುವ ಮೊದಲೇ ಫೋನಲ್ಲಿ, ಹತ್ತಿರದವರನ್ನು ಕಳಕೊಂಡವರ ಜೊತೆ ಕೆಲಸ ಮಾಡಿದ್ದೀರಾ ಅಂತ ಕೇಳಿದೆ. ಸಿಟ್ಟಾಗಲಿಲ್ಲ, ಎಷ್ಟು ವರ್ಷದಿಂದ, ಎಂಥವರ ಜೊತೆ ಅಂತ ವಿವರವಾಗಿ ಹೇಳಿದರು. ಐದು ಡಬ್ಬದ ಕಥೆ ಹೇಳಿದ್ದಕ್ಕೆ ನಕ್ಕರು. ಎಲಿಸಬೆತ್ ಕೂಬ್ಲರ್ ರಾಸ್ ಅನ್ನೋ ಡಾಕ್ಟರು 1969ರಲ್ಲಿ ಆ ಐದನ್ನು ಹೇಳಿದ್ದು ಸಾವು ಹತ್ತಿರ ಬಂದ ರೋಗಿಗಳ ಜೊತೆ ಮಾತಾಡಿ, ಹತ್ತಿರದವರನ್ನು ಕಳಕೊಂಡವರು ಅದನ್ನು ಮೆಟ್ಟಿಲು ಹತ್ತಿದ ಹಾಗೆ ಹತ್ತಬೇಕು ಅಂತೇನಿಲ್ಲ ಅಂದರು. ನನಗೆ ಕಾಯಿಲೆನಾ ಅಂತಲೂ ಕೇಳಿದೆ. ದುಃಖ ಕಾಯಿಲೆ ಅಲ್ಲ, ದೊಡ್ಡವರಲ್ಲಿ ಒಂದು ವರ್ಷ ದಾಟಿದರೂ ದಿನನಿತ್ಯದ ಬದುಕು ನಡೆಸೋಕಾಗದಷ್ಟು ಹಾಗೇ ಹಿಡಿದಿದ್ದರೆ ಅಮೆರಿಕದ ಮನೋವೈದ್ಯರ ಪುಸ್ತಕದಲ್ಲಿ 2022ರಿಂದ ಅದಕ್ಕೊಂದು ಬೇರೆ ಹೆಸರಿದೆ, ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳು ಅನ್ನುತ್ತೆ, ನಿಮ್ಮದು ಈಗಲೇ ಹೇಳೋದು ಬೇಡ, ನೋಡೋಣ ಅಂದರು. "ನೋಡೋಣ" ಅಂದಿದ್ದು ನನಗೆ ಇಷ್ಟವಾಯ್ತು.

ಮೂರನೇ ಸೆಷನ್‌ನಲ್ಲಿ ಇನ್ಸುಲಿನ್ ವಿಷಯ ಹೇಳಿದೆ. ಬಿಸಾಕಿ ಅಂತಾರೆ ಅಂದುಕೊಂಡಿದ್ದೆ.

"ಎಕ್ಸ್‌ಪೈರಿ ಯಾವಾಗ?"

"ಮುಂದಿನ ಮಾರ್ಚ್."

"ಹಾಗಿದ್ರೆ ಟೈಮಿದೆ ಬಿಡಿ" ಅಂದವರೇ, ಅಣ್ಣ ಸೂಜಿ ಎಲ್ಲಿಗೆ ಚುಚ್ಚಿಕೊಳ್ತಿದ್ದರು, ಕೈ ನಡುಗ್ತಿತ್ತಾ, ನೀವು ಚುಚ್ಚಿದ್ದಿದೆಯಾ ಅಂತ ಕೇಳ್ತಾ ಹೋದರು. ಕೊನೇ ಎರಡು ವರ್ಷ ಬೆಳಗ್ಗೆ ಏಳೂವರೆಗೆ ನಾನೇ ಚುಚ್ಚುತ್ತಿದ್ದೆ. ಬನಿಯನ್ ಎತ್ತಿ ಹಿಡಿದು, ಗೋಡೆ ಕಡೆ ತಿರುಗಿ, "ಆಯ್ತೇನೋ?" ಅನ್ನೋರು. ಚುಚ್ಚೋಕೆ ಮುಂಚೆನೇ. ಅವತ್ತು 50 ನಿಮಿಷ ಬರೀ ಅದೇ ಆಯ್ತು.

ಕೊರತೆ ಇಲ್ಲವೇ ಅಂದ್ರೆ ಇದೆ. ಸಂಜೆ ಆರರ ನಂತರದ ಸ್ಲಾಟ್ ಸಿಗೋಕೆ ಮೂರು ವಾರ ಕಾಯಬೇಕಾಯ್ತು. ಕಾಯೋ ಜಾಗ ಚಿಕ್ಕದು, ಇಬ್ಬರು ಕೂತರೆ ಮಂಡಿಗೆ ಮಂಡಿ ತಾಗುತ್ತೆ, ಒಳಗಿಂದ ಕಣ್ಣು ಕೆಂಪಗೆ ಮಾಡಿಕೊಂಡು ಬರೋರ ಮುಖ ನೋಡದೆ ಬೇರೆ ದಾರಿಯಿಲ್ಲ. ಯುಪಿಐ ಮಾಡಬಹುದು, ರಸೀದಿ ಕೇಳಿದರೆ ಮಾತ್ರ ಕೊಡ್ತಾರೆ. ಲಿಫ್ಟ್ ಇಲ್ಲ, ಎರಡನೇ ಮಹಡಿ, ವಯಸ್ಸಾದವರನ್ನು ಕರಕೊಂಡು ಹೋಗೋದಾದರೆ ಮೊದಲೇ ಫೋನ್ ಮಾಡಿ, ಕೆಳಗಿನ ಮನೆಯ ವರಾಂಡದಲ್ಲಿ ಕೂತು ಮಾತಾಡ್ತಾರೆ. ಗಾಡಿ ಮಾತ್ರ ಎದುರಿನ ಗೇಟ್ ಮುಂದೆ ನಿಲ್ಲಿಸಬೇಡಿ, ಆ ಮನೆ ಅಜ್ಜ ಬೈತಾರೆ.