ತೋಟದವರೇ ಬರೆಯುವ ಮಾಸಿಕ: ‘ಅಡಿಕೆ ಪತ್ರಿಕೆ’ಯನ್ನು ಪರಿಸರ ವರದಿಗಾರಿಕೆಯ ಕಣ್ಣಿನಿಂದ ಓದಿದಾಗ

ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯನ್ನು ಹೆಸರು ನೋಡಿದೊಡನೆ ಧಾರಣೆ, ಗೊಬ್ಬರ, ಔಷಧಿಗಳ ವ್ಯಾಪಾರಿ ಮಾಸಿಕವೆಂದು ಬದಿಗಿಡುವವರು ಈಗಲೂ ಇದ್ದಾರೆ. 1988ರಲ್ಲಿ ಆರಂಭವಾದ ಈ ಪತ್ರಿಕೆ ಅಡಿಕೆಯ ಜೊತೆಗೆ ಮಳೆನೀರು, ಹಲಸು, ಊರಿನ ತಳಿಗಳು, ಕೂಲಿಯಾಳಿನ ಕೊರತೆ ನೀಗಿಸುವ ಸಣ್ಣ ಯಂತ್ರಗಳು ಹೀಗೆ ಎಷ್ಟೋ ಸಂಗತಿಗಳನ್ನು ಬರೆದುಕೊಂಡು ಬಂದಿದೆ. ಕೃಷಿ ಪತ್ರಿಕೆಯೆಂಬ ನೆಲೆಯಲ್ಲಿ ಅದಕ್ಕೆ ಸಿಕ್ಕ ಮೆಚ್ಚುಗೆ ಕಡಿಮೆಯದಲ್ಲ. ಆದರೆ ಕನ್ನಡದಲ್ಲಿ ಹಳ್ಳಿಯ ಮಟ್ಟದ ಪರಿಸರ ವರದಿಗಾರಿಕೆ ಹೇಗೆ ಬೆಳೆಯಿತು ಎಂದು ತಿಳಿಯಬೇಕೆನ್ನುವವರಿಗೂ ಇದು ಮುಖ್ಯವಾದ ಪತ್ರಿಕೆ ಎಂಬುದು ನನ್ನ ಅಭಿಪ್ರಾಯ. ಆ ದೃಷ್ಟಿಯಿಂದ ನೋಡುವಾಗ ಕಾಣುವ ಒಂದು ದೊಡ್ಡ ಗುಣವನ್ನೂ ಒಂದು ಕೊರತೆಯನ್ನೂ ಇಲ್ಲಿ ಹೇಳಬೇಕಾಗಿದೆ.

ಗುಣವೆಂದರೆ ಬರೆಯುವವರು ಯಾರು ಎಂಬುದು. ಕೃಷಿಯ ಬಗ್ಗೆ ಕೃಷಿ ಮಾಡದವರೇ ಬರೆಯುತ್ತಿದ್ದ ಕಾಲದಲ್ಲಿ, ಅಂದರೆ ಇಲಾಖೆಯ ಪ್ರಕಟಣೆಯೂ ವಿಜ್ಞಾನಿಯ ಶಿಫಾರಸೂ ಪುಟ ತುಂಬುತ್ತಿದ್ದ ಕಾಲದಲ್ಲಿ, ಈ ಪತ್ರಿಕೆ ‘ಕೃಷಿಕರ ಕೈಗೆ ಲೇಖನಿ’ ಎಂಬ ಮಾತನ್ನು ಮುಂದಿಟ್ಟು ರೈತರಿಗಾಗಿಯೇ ಬರವಣಿಗೆಯ ಶಿಬಿರಗಳನ್ನು ನಡೆಸಿತು. ಲೇಖನದೊಂದಿಗೆ ಆ ಕೃಷಿಕರ ಸಂಪರ್ಕ ಸಂಖ್ಯೆಯನ್ನು ಕೊಡುವ ರೂಢಿಯನ್ನೂ ಬೆಳೆಸಿತು. ಇದು ಮೇಲ್ನೋಟಕ್ಕೆ ಸಣ್ಣ ಅನುಕೂಲವಾಗಿ ಕಂಡರೂ ವರದಿಗಾರಿಕೆಯ ಶಿಸ್ತಿನ ದೃಷ್ಟಿಯಿಂದ ಬಹಳ ದೊಡ್ಡ ಸಂಗತಿ. ಬರೆದದ್ದು ಸುಳ್ಳಾದರೆ ಓದುಗರು ನೇರವಾಗಿ ತೋಟದ ಯಜಮಾನರನ್ನೇ ಕೇಳಬಲ್ಲರು. ಉತ್ಪ್ರೇಕ್ಷೆಗೆ ಇದಕ್ಕಿಂತ ಒಳ್ಳೆಯ ಕಡಿವಾಣ ಇರಲಾರದು. ನಗರದ ಎಷ್ಟೋ ಪತ್ರಿಕೆಗಳು ಇಷ್ಟು ಧೈರ್ಯ ಮಾಡುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಅಡಿಕೆ ಬೆಳೆಗಾರರಿಗೂ ಪರಿಸರದ ಹೋರಾಟಕ್ಕೂ ಇರುವ ನಂಟು ಪತ್ರಿಕೆಗಿಂತ ಹಳೆಯದು. 1980ರ ಆಸುಪಾಸಿನಲ್ಲಿ ಉತ್ತರ ಕನ್ನಡದ ಬೇಡ್ತಿ ಜಲವಿದ್ಯುತ್ ಯೋಜನೆ ಕಾಡನ್ನೂ ತೋಟಗಳನ್ನೂ ಮುಳುಗಿಸಲಿದೆಯೆಂದು ತಿಳಿದಾಗ, ಶಿರಸಿಯ ತೋಟಿಗರ ಸಹಕಾರಿ ಸಂಘವೇ ಮುಂದೆ ನಿಂತು ವಿಜ್ಞಾನಿಗಳನ್ನು ಕರೆಸಿ, ಯೋಜನೆಯ ಲಾಭ ನಷ್ಟಗಳನ್ನು ಲೆಕ್ಕ ಹಾಕಿಸಿ, 1981ರಲ್ಲಿ ವಿಚಾರಸಂಕಿರಣ ನಡೆಸಿತ್ತು. ತೋಟಕ್ಕೆ ಸೊಪ್ಪು ಒದಗಿಸುವ ಬೆಟ್ಟವಿಲ್ಲದೆ ತೋಟವಿಲ್ಲ ಎಂಬ ಅನುಭವವೇ ಅಲ್ಲಿ ವಾದವಾಯಿತು. 1983ರ ಸೆಪ್ಟೆಂಬರ್‌ನಲ್ಲಿ ಸಾಲ್ಕಣಿಯ ಕಾಡಿನಲ್ಲಿ ಕಡಿತ ತಡೆಯಲು ಮರಗಳನ್ನು ಅಪ್ಪಿಕೊಂಡವರೂ ಅದೇ ಸೀಮೆಯ ಜನ. ಅದೇ ದಶಕದಲ್ಲಿ ಶಿವರಾಮ ಕಾರಂತರು ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ದೇಶದ ಪರಿಸರದ ಸ್ಥಿತಿಗತಿ ಕುರಿತು ತಂದ ನಾಗರಿಕ ವರದಿಯನ್ನು ಕನ್ನಡಕ್ಕೆ ತಂದರು. 1989ರಲ್ಲಿ ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಲೋಕಸಭಾ ಚುನಾವಣೆಗೂ ನಿಂತರು.

ಆದರೆ ಈ ಪತ್ರಿಕೆಯ ಸ್ವಭಾವವನ್ನು ಅರಿಯಲು ಬೇಡ್ತಿಗಿಂತ ಹತ್ತಿರದ ದಾರಿ ಕಾಸರಗೋಡಿನ ಪಡ್ರೆ ಗ್ರಾಮದ ಮೂಲಕ ಹೋಗುತ್ತದೆ. ಪತ್ರಿಕೆಯನ್ನು ದೀರ್ಘಕಾಲ ಮುನ್ನಡೆಸಿದ ಶ್ರೀ ಪಡ್ರೆಯವರು ಆ ಊರಿನವರು. ಅಲ್ಲಿನ ಗುಡ್ಡಗಳ ಮೇಲೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳಿವೆ. ಗೇರನ್ನು ಕಾಡುವ ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲು 1970ರ ದಶಕದ ಉತ್ತರಾರ್ಧದಿಂದ 2000ದ ಕೊನೆಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಲಾಯಿತು. ಮನೆಗಳಿರುವುದು ಗುಡ್ಡದ ಬುಡದಲ್ಲಿ. ಕುಡಿಯುವ ನೀರು ಬರುವುದು ಅದೇ ಗುಡ್ಡದಿಂದ ಇಳಿಯುವ ತೋಡು (ಸಣ್ಣ ಹಳ್ಳ) ಮತ್ತು ಗುಡ್ಡದೊಳಕ್ಕೆ ಕೊರೆದ ನೀರಿನ ಸುರಂಗಗಳಿಂದ. ನೆರೆಯವರ ಹಟ್ಟಿಯಲ್ಲಿ, ಅಂದರೆ ದನದ ಕೊಟ್ಟಿಗೆಯಲ್ಲಿ, ಕಾಲು ಸೊಟ್ಟಗಾದ ಕರುಗಳು ಹುಟ್ಟಿದ್ದನ್ನು ಗಮನಿಸಿದ ಪಡ್ರೆಯವರು, ಸಿಂಪಡಣೆಗೂ ಅದಕ್ಕೂ ಸಂಬಂಧವಿರಬಹುದೆಂಬ ಸಂಶಯವನ್ನು 1981ರಲ್ಲಿಯೇ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳ ಬಗ್ಗೆ ವೈದ್ಯಲೋಕದ ಗಮನ ಸೆಳೆಯಲು ಯತ್ನಿಸಿದರು. 1998ರಲ್ಲಿ ಪೆರಿಯದ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಕಾಸರಗೋಡು ಜಿಲ್ಲೆಯದೇ ಆದ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ ಸಿಂಪಡಣೆಗೆ ತಡೆಯಾಜ್ಞೆ ಪಡೆದರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆಯ ಜನರ ರಕ್ತ, ನೀರು, ಮಣ್ಣುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅವುಗಳಲ್ಲಿ ವಿಷದ ಅಂಶವಿದೆಯೆಂದು ಪ್ರಕಟಿಸಿದ್ದು 2001ರ ಫೆಬ್ರವರಿಯಲ್ಲಿ. ಕೀಟನಾಶಕ ಉದ್ಯಮ ಅದನ್ನು ಒಪ್ಪಲಿಲ್ಲ. ಸಮಿತಿಗಳ ಮೇಲೆ ಸಮಿತಿಗಳು ಬಂದವು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನಿಗೆ ದೇಶದಾದ್ಯಂತ ತಡೆ ಹಾಕಿದ್ದು 2011ರ ಮೇ 13ರಂದು.

ಊರಿನವರೊಬ್ಬರು ಕರುವನ್ನು ಕಂಡು ಬರೆದದ್ದಕ್ಕೂ ಪ್ರಯೋಗಾಲಯ ಮಾತಾಡಿದ್ದಕ್ಕೂ ನಡುವೆ ಇಪ್ಪತ್ತು ವರ್ಷ ಕಳೆದಿದ್ದವು. ಸ್ಥಳದಲ್ಲೇ ಬಾಳುವವರು ಎಲ್ಲರಿಗಿಂತ ಮೊದಲು ಕಾಣುತ್ತಾರೆ. ಆದರೆ ಕಂಡದ್ದನ್ನು ರುಜುವಾತುಪಡಿಸುವ ಸಾಧನ ಅವರಲ್ಲಿರುವುದಿಲ್ಲ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳಲ್ಲಿಯೂ ಇದೇ ವಿಷ ಬಿದ್ದಿತ್ತು. ಅಲ್ಲಿನವರ ದನಿ ಸರ್ಕಾರಕ್ಕೆ ಕೇಳಿಸಲು ಇನ್ನೂ ಹೆಚ್ಚು ಕಾಲ ಬೇಕಾಯಿತು. ಗ್ರಾಮೀಣ ಪತ್ರಿಕೆಯೊಂದನ್ನು ಅಳೆಯುವಾಗ ಮುದ್ರಣದ ಅಂದಕ್ಕಿಂತ, ಹೀಗೆ ಮೊದಲು ಕಾಣುವ ಕಣ್ಣುಗಳಿಗೆ ಅದು ಜಾಗ ಕೊಟ್ಟಿದೆಯೇ ಎಂಬುದನ್ನು ನಾನು ಮುಖ್ಯವಾಗಿ ನೋಡುತ್ತೇನೆ.

ನೀರಿನ ವಿಷಯದಲ್ಲಿ ‘ಅಡಿಕೆ ಪತ್ರಿಕೆ’ ಅದನ್ನು ಸಮೃದ್ಧವಾಗಿ ಕೊಟ್ಟಿದೆ. ಮಳೆಗಾಲ ಮುಗಿದ ಮೇಲೆ ತೋಡಿಗೆ ಅಡ್ಡವಾಗಿ ಊರವರೆಲ್ಲ ಸೇರಿ ಹಾಕುವ ಕಟ್ಟ, ಗುಡ್ಡದ ತಗ್ಗಿನಲ್ಲಿ ತಾನಾಗಿ ನೀರು ನಿಲ್ಲುವ ಮದಕ, ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡಲಾಗಿ ಕೊರೆದ ಸುರಂಗ ಇವುಗಳ ಬಗೆಗಿನ ಬರಹಗಳು ಕೊಳವೆಬಾವಿಯ ಭರಾಟೆಯಲ್ಲಿ ಮರೆತುಹೋಗುತ್ತಿದ್ದ ಊರಿನ ವಿದ್ಯೆಯನ್ನು ಮತ್ತೆ ಚರ್ಚೆಗೆ ತಂದವು. ಹಲಸಿನ ಆಂದೋಲನವೂ ಇದೇ ಜಾಡಿನದು: ಮರದಡಿ ಕೊಳೆಯುತ್ತಿದ್ದ ಹಣ್ಣನ್ನು ಆಹಾರವಾಗಿ, ಆದಾಯವಾಗಿ ನೋಡಲು ಅದು ಕಲಿಸಿತು. 2021ರಲ್ಲಿ ಬಾಳೆಕಾಯಿ ಹುಡಿಗೆ ‘ಬಾಕಾಹು’ ಎಂಬ ಹೆಸರಿನಲ್ಲಿ ಪ್ರಚಾರ ಕೊಟ್ಟಾಗ ಉತ್ತರ ಕನ್ನಡ, ದಕ್ಷಿಣ ಕನ್ನಡ ಜಿಲ್ಲೆಗಳ ಅಡುಗೆಮನೆಗಳು ಪ್ರಯೋಗಶಾಲೆಗಳೇ ಆದವು. ವರದಿ ಓದಿದವರು ಮರುವಾರವೇ ಏನನ್ನಾದರೂ ಮಾಡಿನೋಡುವಂತಾಗುವುದು ಪರಿಸರ ಬರವಣಿಗೆಯಲ್ಲಿ ಅಪರೂಪ.

ಕೊರತೆಯ ಬೇರು ಕೂಡ ಇಲ್ಲಿಯೇ ಇದೆ. ಪರಿಹಾರವನ್ನು ತೋರಿಸುವುದು ಪತ್ರಿಕೆಯ ಮುಖ್ಯ ಒಲವಾದ್ದರಿಂದ ಗೆದ್ದವರ ಕಥೆಗಳು ಪುಟಗಳಲ್ಲಿ ಮೇಲುಗೈ ಪಡೆಯುತ್ತವೆ. ಹೊಸ ಬೆಳೆಯಲ್ಲಿ ಲಾಭ ಕಂಡವರು, ಯಂತ್ರ ಕಂಡುಹಿಡಿದವರು, ಮೌಲ್ಯವರ್ಧನೆಯಿಂದ ಮಾರುಕಟ್ಟೆ ಗಳಿಸಿದವರು ಬರುತ್ತಾರೆ. ಅದೇ ದಾರಿ ಹಿಡಿದು ಕೈಸುಟ್ಟುಕೊಂಡವರು ಅಷ್ಟಾಗಿ ಕಾಣುವುದಿಲ್ಲ. ಐದು ವರ್ಷಗಳ ಬಳಿಕ ಅದೇ ತೋಟಕ್ಕೆ ಮರಳಿ ಹೋಗಿ ಏನಾಯಿತೆಂದು ನೋಡುವ ಬರಹಗಳು ಇನ್ನೂ ಹೆಚ್ಚಬೇಕು. ಪಡ್ರೆಯ ಸತ್ಯ ಹೊರಬಂದದ್ದು ಗೆಲುವಿನ ಕಥೆಯಿಂದಲ್ಲ, ಒಂದು ಹಟ್ಟಿಯ ನಷ್ಟದಿಂದ. ಇಂದು ಅಡಿಕೆ ದಾವಣಗೆರೆ, ಚಿತ್ರದುರ್ಗಗಳ ಬಯಲಿಗೆ ಕೊಳವೆಬಾವಿಯ ಬಲದಿಂದ ಹಬ್ಬಿದೆ. ಎಲೆಚುಕ್ಕಿ ರೋಗಕ್ಕೆ ಹೆದರಿ ಸಿಂಪಡಣೆ ಹೆಚ್ಚುತ್ತಿದೆ. ಈ ಬೆಳೆ ಇಷ್ಟು ನೆಲವನ್ನೂ ಇಷ್ಟು ನೀರನ್ನೂ ಬೇಡಬಹುದೇ ಎಂಬ ಪ್ರಶ್ನೆಯನ್ನು ಬೆಳೆಗಾರರ ಪತ್ರಿಕೆಯೇ ಕೇಳಿದರೆ ಅದಕ್ಕಿರುವ ತೂಕ ಬೇರೆ ಯಾರು ಕೇಳಿದರೂ ಬರುವುದಿಲ್ಲ. ಪರ್ಯಾಯ ಬೆಳೆಗಳ ಮಾತು ಪತ್ರಿಕೆಯಲ್ಲಿ ಧಾರಾಳವಾಗಿದೆ. ಆದರೆ ಆ ಪ್ರಶ್ನೆ ಇನ್ನಷ್ಟು ನೇರವಾಗಿ ಬರಬೇಕೆಂದು ನನಗನ್ನಿಸುತ್ತದೆ. ಚಂದಾದಾರರು ಮುನಿಸಿಕೊಳ್ಳುವ ಭಯ ಅಂಥ ಬರವಣಿಗೆಯಲ್ಲಿ ಇದ್ದೇ ಇದೆ. ಅದನ್ನು ತಿಳಿದೂ ಈ ಮಾತು ಹೇಳುತ್ತಿದ್ದೇನೆ.

ಭಾಷೆ ಕರಾವಳಿಯ ಮಣ್ಣಿನದು. ತೋಡು, ಹಟ್ಟಿ, ಗುಡ್ಡೆಗಳಂಥ ಮಾತುಗಳು ಬಯಲುಸೀಮೆಯ ಓದುಗರಿಗೆ ಮೊದಮೊದಲು ಹೊಸದೆನಿಸಬಹುದಾದರೂ ನಾಲ್ಕು ಸಂಚಿಕೆಗಳಲ್ಲಿ ರೂಢಿಯಾಗುತ್ತವೆ. ಅಡಿಕೆ ಬೆಳೆಯದವರು ಚಂದಾದಾರರಾಗುವುದಿದ್ದರೆ ನೀರಿನ ಮತ್ತು ಹಲಸಿನ ಬರಹಗಳಿಂದ ಆರಂಭಿಸುವುದು ಒಳ್ಳೆಯದು. ಧಾರಣೆ, ರೋಗ ನಿರ್ವಹಣೆಗಳ ಪುಟಗಳು ಅವರಿಗೆ ಹೆಚ್ಚು ಉಪಯೋಗಕ್ಕೆ ಬರಲಾರವು. ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗಂತೂ ಹಳೆಯ ಸಂಚಿಕೆಗಳ ಒಂದು ಕಟ್ಟನ್ನು ಕೂತು ಓದಿ ಎಂದೇ ಹೇಳುತ್ತೇನೆ, ಮುಖ್ಯವಾಗಿ ರೈತರು ತಾವೇ ಬರೆದ ಲೇಖನಗಳನ್ನು.