ಎರಡು ಕಡ್ಡಿ, ಮೂರು ಸರ್ವೋ, ಒಂದು ಪೆನ್: ಬ್ರಾಕಿಯೋಗ್ರಾಫ್ ಕಟ್ಟಬೇಕೇ?

ಬ್ರಾಕಿಯೋಗ್ರಾಫ್ ಪೆನ್ನು ಹಿಡಿದು ಚಿತ್ರ ಬಿಡಿಸುವ ಪುಟ್ಟ ರೋಬೋಟ್ ತೋಳು. ಅದು ಬಿಡಿಸಿದ ಚೌಕ ಚೌಕವಾಗಿರುವುದಿಲ್ಲ. ಗೆರೆ ಅಲುಗುತ್ತದೆ, ಮೂಲೆಗಳು ಸರಿಯಾಗಿ ಕೂಡುವುದಿಲ್ಲ. ಮುಖಚಿತ್ರವಾದರೆ ಓಡುವ ಬಸ್ಸಿನಲ್ಲಿ ಕೂತು ಗೀಚಿದಂತೆ ಕಾಣುತ್ತದೆ. ಇಷ್ಟಾದರೂ, ಹವ್ಯಾಸಿಗಳು ಕಟ್ಟುವ ವಿಚಿತ್ರ ರೋಬೋಟ್‌ಗಳಲ್ಲಿ ಮೊದಲು ಯಾವುದನ್ನು ಕಟ್ಟಲಿ ಎಂದು ಕೇಳುವವರಿಗೆ ಆರು ಕಾಲಿನ ಜೇಡ, ನಾಲ್ಕು ಕಾಲಿನ ನಾಯಿಗಳನ್ನೆಲ್ಲ ಬದಿಗಿಟ್ಟು ಇದನ್ನೇ ಸೂಚಿಸಬಹುದು. ನಡೆಯುವ ರೋಬೋಟ್ ಎಡವಿದರೆ ಏಕೆ ಎಡವಿತೆಂದು ಊಹಿಸುತ್ತ ಕೂರಬೇಕು. ಇದು ಎಡವಿದರೆ ಗುರುತು ಕಾಗದದ ಮೇಲೆ ಉಳಿಯುತ್ತದೆ, ಸ್ಕೇಲ್ ಇಟ್ಟು ಅಳೆಯಬಹುದು.

ಇದು ಪೆಟ್ಟಿಗೆಯಲ್ಲಿ ಬರುವ ಕಿಟ್ ಅಲ್ಲ. ಡ್ಯಾನಿಯೆಲೆ ಪ್ರೋಚಿದಾ ಎಂಬ ಪೈಥಾನ್ ಪ್ರೋಗ್ರಾಮರ್ ರೂಪಿಸಿ ಓಪನ್ ಸೋರ್ಸ್ ಆಗಿ ಕೊಟ್ಟಿರುವ ವಿನ್ಯಾಸ. ಬೇಕಾಗುವುದು ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್ ಬೋರ್ಡ್), ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೂರು ಎಸ್‌ಜಿ90 ಸರ್ವೋ ಮೋಟರ್, ಎರಡು ಐಸ್‌ಕ್ರೀಂ ಕಡ್ಡಿ, ಒಂದು ಬಟ್ಟೆ ಕ್ಲಿಪ್, ಬಿಸಿ ಅಂಟು, ಪೆನ್ನು ಮತ್ತು ಒಂದು ಹಲಗೆ. ಯಂತ್ರ ಆದಷ್ಟು ಅಗ್ಗವಾಗಿ ಸರಳವಾಗಿರಲಿ, ಅದರ ಕೊರತೆಯನ್ನು ಸಾಫ್ಟ್‌ವೇರ್ ತುಂಬಲಿ ಎಂಬುದು ಇದರ ಹಿಂದಿನ ಪಣ. ಪಣ ಎಷ್ಟರಮಟ್ಟಿಗೆ ಗೆದ್ದಿದೆ ಎಂಬುದನ್ನೇ ಇಲ್ಲಿ ನೋಡಬೇಕಾದದ್ದು.

ರಚನೆ ನಮ್ಮ ತೋಳಿನದ್ದೇ. ಹಲಗೆಗೆ ಅಂಟಿಸಿದ ಮೊದಲ ಸರ್ವೋ ಭುಜ. ಅದರಿಂದ ಹೊರಟ ಒಳತೋಳಿನ ತುದಿಯಲ್ಲಿ ಎರಡನೆಯ ಸರ್ವೋ, ಅದು ಮೊಣಕೈ. ಹೊರತೋಳಿನ ತುದಿಯಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ ಪೆನ್ನು, ಪಕ್ಕದಲ್ಲಿ ಮೂರನೆಯ ಸರ್ವೋ. ಈ ಮೂರನೆಯದು ಪೆನ್ನನ್ನು ಎತ್ತುವುದಿಲ್ಲ; ತನ್ನ ಹಾರ್ನನ್ನು, ಅಂದರೆ ತಿರುಗುವ ಅಚ್ಚಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿಯನ್ನು, ಕಾಗದಕ್ಕೆ ಒತ್ತಿ ಇಡೀ ತೋಳನ್ನೇ ಮೇಲೆತ್ತುತ್ತದೆ. ಒಂದೂ ಹೆಚ್ಚುವರಿ ಕೀಲಿಲ್ಲದೆ ಮುಗಿದ ಈ ಉಪಾಯ ಇಡೀ ವಿನ್ಯಾಸದಲ್ಲೇ ಅತ್ಯಂತ ಜಾಣ ಭಾಗ. ಅಡ್ಡಡ್ಡ ಮಡಚುವ ಇಂಥ ಎರಡು ಕೀಲಿನ ತೋಳು ಕಾರ್ಖಾನೆಗಳಿಗೆ ಹೊಸತೇನಲ್ಲ. ಜಪಾನಿನ ಯಮಾನಾಶಿ ವಿಶ್ವವಿದ್ಯಾಲಯದಲ್ಲಿ ಹಿರೋಶಿ ಮಾಕಿನೋ 1978ರಲ್ಲಿ ಮೊದಲ ಮಾದರಿ ತಯಾರಿಸಿದ ಸ್ಕಾರಾ ರೋಬೋಟ್‌ಗಳ ಜ್ಯಾಮಿತಿಯೂ ಇದೇ. ಅಲ್ಲಿ ನಿಖರ ಗೇರು, ಕೋನ ಅಳೆಯುವ ಎನ್‌ಕೋಡರುಗಳಿವೆ; ಇಲ್ಲಿ 9 ಗ್ರಾಮಿನ ಪ್ಲಾಸ್ಟಿಕ್ ಗೇರಿನ ಆಟಿಕೆ ಮೋಟರ್.

ಆ ಮೋಟರಿನ ಲೆಕ್ಕ ಮೊದಲೇ ತಿಳಿದಿದ್ದರೆ ಮುಂದೆ ನಿರಾಶೆ ಕಡಿಮೆ. ಸರ್ವೋಗೆ ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಒಂದು ಪಲ್ಸ್ (ಕ್ಷಣಕಾಲದ ವಿದ್ಯುತ್ ಸಂಕೇತ) ಹೋಗುತ್ತದೆ, ಪಲ್ಸಿನ ಉದ್ದವೇ ಕೋನ. ಎಸ್‌ಜಿ90ರಲ್ಲಿ ಒಂದು ಡಿಗ್ರಿಗೆ ಸುಮಾರು 10 ಮೈಕ್ರೋಸೆಕೆಂಡ್. ಅದರ ಡೆಡ್‌ಬ್ಯಾಂಡ್, ಅಂದರೆ ‘ಇಷ್ಟು ಸಣ್ಣ ಬದಲಾವಣೆಗೆ ನಾನು ಅಲುಗುವುದಿಲ್ಲ’ ಎನ್ನುವ ಮಿತಿ, ಅದೂ ಸುಮಾರು 10 ಮೈಕ್ರೋಸೆಕೆಂಡ್. ಅಲ್ಲಿಗೆ ಒಂದು ಡಿಗ್ರಿಯಷ್ಟು ತಪ್ಪನ್ನು ಒಪ್ಪಿಕೊಂಡಂತೆಯೇ. ಎರಡೂ ತೋಳು ತಲಾ 8 ಸೆಂಟಿಮೀಟರ್, ಪೂರ್ತಿ ಚಾಚಿದರೆ ಪೆನ್ನು ಭುಜದಿಂದ 16 ಸೆಂಟಿಮೀಟರ್ ದೂರ. ಅಷ್ಟು ದೂರದಲ್ಲಿ ಭುಜದ ಒಂದು ಡಿಗ್ರಿ ಕಾಗದದ ಮೇಲೆ 2.8 ಮಿಲಿಮೀಟರ್. ಮೊಣಕೈಯ ಒಂದು ಡಿಗ್ರಿ ಅದರ ಅರ್ಧ, 1.4 ಮಿಲಿಮೀಟರ್. ಗೆರೆ ಅಲುಗುವುದು ಎಲ್ಲಿಂದ ಎಂಬ ಪ್ರಶ್ನೆಗೆ ಮುಕ್ಕಾಲು ಉತ್ತರ ಇಲ್ಲಿದೆ. ತೋಳನ್ನು ಉದ್ದ ಮಾಡಿ ದೊಡ್ಡ ಚಿತ್ರ ಬಿಡಿಸೋಣ ಎಂದು ಹೊರಡುವವರು ಈ ಗುಣಾಕಾರವನ್ನು ಇನ್ನೊಮ್ಮೆ ಮಾಡಲಿ.

ಕಟ್ಟುವ ಕೆಲಸಕ್ಕೆ ಒಂದು ಸಂಜೆ ಸಾಕು, ಆದರೆ ಅವಸರ ಮಾಡಬಾರದ ಜಾಗಗಳಿವೆ. ಮೊದಲನೆಯದು ಅಳತೆ. 8 ಸೆಂಟಿಮೀಟರ್ ಎಂದರೆ ಕಡ್ಡಿಯ ಉದ್ದ ಅಲ್ಲ. ಭುಜದ ಅಕ್ಷದಿಂದ ಮೊಣಕೈಯ ಅಕ್ಷಕ್ಕೆ, ಮೊಣಕೈಯ ಅಕ್ಷದಿಂದ ಪೆನ್ನಿನ ಮೊನೆಗೆ ಇರುವ ದೂರ. ಅಂಟಿಸಿದ ಮೇಲೆ ಅಳೆದಾಗ 8.3 ಬಂದರೆ ಕಿತ್ತು ಅಂಟಿಸುವ ಅಗತ್ಯವಿಲ್ಲ, ಸಾಫ್ಟ್‌ವೇರಿಗೆ 8.3 ಎಂದೇ ಹೇಳಿದರಾಯಿತು. ಹೇಳದೆ ಬಿಟ್ಟರೆ ಚೌಕದ ಬದಿಗಳು ಬಿಲ್ಲಿನಂತೆ ಬಾಗುತ್ತವೆ. ಪೆನ್ನು ನೇರವಾಗಿ ನಿಲ್ಲದಿದ್ದರೂ ಇದೇ ಕಥೆ: ಕ್ಲಿಪ್ಪಿನ ಹತ್ತಿರ 8 ಇದ್ದದ್ದು ಮೊನೆಯಲ್ಲಿ 8 ಇರುವುದಿಲ್ಲ.

ಎರಡನೆಯದು ಹಾರ್ನ್ ಕೂರಿಸುವುದು. ಮೋಟರಿಗೆ ಮೊದಲು ವಿದ್ಯುತ್ ಕೊಟ್ಟು 1500 ಮೈಕ್ರೋಸೆಕೆಂಡ್ ಪಲ್ಸ್ ಕಳಿಸಿ ನಡು ಕೋನಕ್ಕೆ ತಂದ ಮೇಲೇ ಹಾರ್ನ್ ಒತ್ತಬೇಕು. ತೋಳಿನ ವಿಶ್ರಾಂತಿ ಭಂಗಿಯಲ್ಲಿ ಒಳತೋಳು ನೇರ ಎಡಕ್ಕೆ ಚಾಚಿರುತ್ತದೆ, ಹೊರತೋಳು ಅದಕ್ಕೆ ಲಂಬವಾಗಿ ಮುಂದಕ್ಕೆ. ಸರ್ವೋ ಅಚ್ಚಿನಲ್ಲಿ ಸಾಮಾನ್ಯವಾಗಿ 21 ಹಲ್ಲು. ಒಂದು ಹಲ್ಲು ಆಚೀಚೆಯಾದರೆ 17 ಡಿಗ್ರಿ ವ್ಯತ್ಯಾಸ. ಹಾಗಾಗಿ ಹಾರ್ನ್ ಪಕ್ಕಾ ಲಂಬಕ್ಕೆ ಕೂರುವುದು ಅಪರೂಪ. ಹತ್ತಿರದ ಹಲ್ಲಿಗೆ ಕೂರಿಸಿ, ಉಳಿದ ಕೆಲವು ಡಿಗ್ರಿಗಳನ್ನು ಪಲ್ಸ್ ಬದಲಿಸಿ ಸರಿಪಡಿಸುವುದೇ ಸರಿಯಾದ ಕ್ರಮ. ಕೈಯಿಂದ ತಿರುಚಿ ಸರಿಮಾಡಲು ಹೋದರೆ ಪ್ಲಾಸ್ಟಿಕ್ ಹಲ್ಲು ಕಿತ್ತುಬರುತ್ತದೆ.

ಬಿಸಿ ಅಂಟನ್ನು ಮೋಟರಿನ ಮೈಗೆ ಮಾತ್ರ ಹಚ್ಚಿ. ಅಚ್ಚಿನ ಬುಡಕ್ಕೆ ಒಂದು ಹನಿ ಇಳಿದರೂ ಆ ಮೋಟರಿನ ಆಸೆ ಬಿಡಬೇಕು. ಭುಜದ ಮೋಟರ್ ಹಲಗೆಗೆ ಎಷ್ಟು ನೆಟ್ಟಗೆ ನಿಂತಿದೆ ಎಂಬುದೂ ಮುಖ್ಯ. ಅದು ತುಸು ವಾಲಿದರೆ ಪೆನ್ನು ಒಂದು ಬದಿಯಲ್ಲಿ ಕಾಗದವನ್ನು ಒತ್ತುತ್ತದೆ, ಇನ್ನೊಂದು ಬದಿಯಲ್ಲಿ ಗಾಳಿಯಲ್ಲಿ ತೇಲುತ್ತದೆ. ಪೆನ್ನು ಎತ್ತಿದ ಸ್ಥಿತಿಯಲ್ಲಿ ತೋಳನ್ನು ಎಡದಿಂದ ಬಲಕ್ಕೆ ಓಡಿಸಿ, ಮೊನೆ ಮತ್ತು ಕಾಗದದ ನಡುವಿನ ಸಂದು ಉದ್ದಕ್ಕೂ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ಮೋಟರಿನ ಬುಡಕ್ಕೆ ಒಂದು ಚೂರು ರಟ್ಟು ತುರುಕಿದರೆ ಸಾಕು. ಮೊಣಕೈ ಮತ್ತು ಪೆನ್ನಿನ ಮೋಟರುಗಳ ವೈರನ್ನು ಭುಜದ ಹತ್ತಿರ ಸಡಿಲವಾಗಿ ಸುತ್ತಿ ಬಿಡಬೇಕು. ಬಿಗಿಯಾದ ವೈರು ತೋಳನ್ನು ಎಳೆಯುತ್ತದೆ, ಎಳೆದದ್ದು ಗೆರೆಯಲ್ಲಿ ಕಾಣುತ್ತದೆ, ಕಾರಣ ಹುಡುಕುವವರು ಮಾತ್ರ ಕೋಡಿನಲ್ಲಿ ಹುಡುಕುತ್ತಿರುತ್ತಾರೆ.

ವಿದ್ಯುತ್ತಿನ ವಿಷಯದಲ್ಲಿ ಮೂಲ ವಿನ್ಯಾಸದ ಸರಳತೆ ತುಸು ಅತಿಯಾಯಿತು. ಪೈಯ 5 ವೋಲ್ಟ್ ಪಿನ್ನಿನಿಂದಲೇ ಮೂರೂ ಮೋಟರಿಗೆ ಕರೆಂಟ್ ಕೊಡಬಹುದು, ಹಗುರ ತೋಳಿಗೆ ನಡೆದೂ ನಡೆಯುತ್ತದೆ. ಆದರೆ ಎಲ್ಲಾದರೂ ತೋಳು ಸಿಕ್ಕಿಕೊಂಡು ಮೋಟರ್ ಒತ್ತಡಕ್ಕೆ ಬಿದ್ದರೆ ಒಂದೊಂದೇ ಅರ್ಧ ಆಂಪಿಯರಿಗಿಂತ ಹೆಚ್ಚು ಎಳೆಯುತ್ತದೆ. ವೋಲ್ಟೇಜ್ ಕುಸಿದು, ಚಿತ್ರದ ನಡುವೆ ಪೈ ರೀಬೂಟ್ ಆಗುತ್ತದೆ. ಮೋಟರುಗಳಿಗೆ ಪ್ರತ್ಯೇಕ 5 ವೋಲ್ಟ್, 2 ಆಂಪಿಯರ್ ಸಪ್ಲೈ ಕೊಟ್ಟು, ಅದರ ತಂತಿಗಳಿಗೆ ಅಡ್ಡಲಾಗಿ 470ರಿಂದ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದು ಒಳ್ಳೆಯದು. ಆ ಸಪ್ಲೈಯ ಗ್ರೌಂಡನ್ನು ಪೈಯ ಗ್ರೌಂಡಿಗೆ ಸೇರಿಸಲೇಬೇಕು. ಮರೆತರೆ ಮೋಟರುಗಳು ನಿಂತಲ್ಲೇ ಹುಚ್ಚೆದ್ದು ನಡುಗುತ್ತವೆ. ಸಿಗ್ನಲ್ ವೈರುಗಳು ಪೈಯ ಜಿಪಿಐಒ (ಹೊರಗಿನ ಸಾಧನ ಜೋಡಿಸುವ) ಪಿನ್ನುಗಳಿಗೆ: ಭುಜಕ್ಕೆ 14, ಮೊಣಕೈಗೆ 15, ಪೆನ್ನಿಗೆ 18.

ಇನ್ನು ಸಾಫ್ಟ್‌ವೇರ್. ಈ ರೋಬೋಟಿನ ನಿಜವಾದ ಸರಕು ಇದೇ. ಎಕ್ಸ್, ವೈ ಬಿಂದುವಿನಿಂದ ಎರಡು ಕೋನ ಕಂಡುಹಿಡಿಯುವುದು ಹೈಸ್ಕೂಲಿನ ಕೊಸೈನ್ ನಿಯಮ, ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಗೆರೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಒಂದೊಂದಕ್ಕೂ ಕೋನ ಲೆಕ್ಕ ಹಾಕುತ್ತದೆ, ಇಲ್ಲದಿದ್ದರೆ ಎರಡು ಬಿಂದುಗಳ ನಡುವೆ ಕಮಾನು ಬರುತ್ತಿತ್ತು. ಹೆಚ್ಚುಗಾರಿಕೆ ಇರುವುದು ಕ್ಯಾಲಿಬ್ರೇಶನ್‌ನಲ್ಲಿ, ಅಂದರೆ ಪ್ರತಿ ಮೋಟರನ್ನು ಅಳೆದು ಲೆಕ್ಕ ಹೊಂದಿಸುವುದರಲ್ಲಿ. ಡ್ರೈವ್ ಎಂಬ ಆಜ್ಞೆ ಕೊಟ್ಟರೆ ಕೀಬೋರ್ಡಿನಿಂದ ಒಂದೊಂದೇ ಮೋಟರನ್ನು ಅಲುಗಿಸಬಹುದು: ಸಣ್ಣಕ್ಷರ ಒತ್ತಿದರೆ 10 ಮೈಕ್ರೋಸೆಕೆಂಡ್, ದೊಡ್ಡಕ್ಷರ ಒತ್ತಿದರೆ 1. ತೋಳಿನ ಕೆಳಗೆ ಕೋನಮಾಪಕ ಮುದ್ರಿಸಿದ ಹಾಳೆ ಇಟ್ಟು, ಪ್ರತಿ 15 ಅಥವಾ 20 ಡಿಗ್ರಿಗೆ ಎಷ್ಟು ಪಲ್ಸ್ ಬೇಕಾಯಿತೆಂದು ಬರೆದುಕೊಳ್ಳಬೇಕು. ಈ ಪಟ್ಟಿ ಕೊಟ್ಟರೆ ಪ್ರೋಗ್ರಾಂ ನಂಪೈ ಎಂಬ ಗಣಿತದ ಲೈಬ್ರರಿ ಬಳಸಿ ಅದಕ್ಕೆ ಮೂರನೆಯ ಘಾತದ ವಕ್ರರೇಖೆ ಹೊಂದಿಸಿಕೊಳ್ಳುತ್ತದೆ. ‘ಡಿಗ್ರಿಗೆ 10’ ಎಂಬ ಲೆಕ್ಕ ನಡುವಿನಲ್ಲಿ ಸರಿ, ತುದಿಗಳಲ್ಲಿ ಯಾವ ಎಸ್‌ಜಿ90 ಕೂಡ ಅದನ್ನು ಪಾಲಿಸುವುದಿಲ್ಲ.

ಈ ಪಟ್ಟಿಯನ್ನು ಒಂದೇ ದಿಕ್ಕಿನಿಂದ ಮಾಡಿದರೆ ಅರ್ಧ ಕೆಲಸ. ಎಡದಿಂದ ಬಂದು 60 ಡಿಗ್ರಿಗೆ ನಿಲ್ಲಿಸಿದ ಮೋಟರ್, ಬಲದಿಂದ ಬಂದು ಅದೇ ಪಲ್ಸಿಗೆ ನಿಂತಾಗ 60ರಲ್ಲಿ ಇರುವುದಿಲ್ಲ. ಗೇರಿನ ಹಲ್ಲುಗಳ ನಡುವಿನ ಸಡಿಲು ಮತ್ತು ಡೆಡ್‌ಬ್ಯಾಂಡ್ ಎರಡೂ ಸೇರಿ ಆಗುವ ಈ ತೊಂದರೆಗೆ ಹಿಸ್ಟರಿಸಿಸ್ ಎನ್ನುತ್ತಾರೆ. ಬ್ರಾಕಿಯೋಗ್ರಾಫ್ ಎರಡೂ ದಿಕ್ಕಿನ ಅಳತೆಗಳನ್ನು ಬೇರೆ ಬೇರೆಯಾಗಿ ತೆಗೆದುಕೊಂಡು, ತೋಳು ಯಾವ ಕಡೆಗೆ ಹೋಗುತ್ತಿದೆ ಎಂಬುದನ್ನು ನೋಡಿ ತಿದ್ದುಪಡಿ ಸೇರಿಸುತ್ತದೆ. ತಿದ್ದುಪಡಿಗೆ ಮುಂಚೆ ಮತ್ತು ನಂತರ ಒಂದೇ ಹಾಳೆಯಲ್ಲಿ ಚೌಕವನ್ನು ಮೂರು ಸಲ ಬಿಡಿಸಿ ನೋಡಿದರೆ, ಹೋಗುವ ಗೆರೆ ಬರುವ ಗೆರೆ ಬೇರೆಯಾಗಿದ್ದದ್ದು ಹತ್ತಿರ ಬಂದು ಕೂಡುವುದು ಕಣ್ಣಿಗೇ ಕಾಣುತ್ತದೆ. ಪೂರ್ತಿ ಒಂದಾಗುವುದಿಲ್ಲ. ತೋಳು ದಿಕ್ಕು ಬದಲಿಸುವ ಮೂಲೆಗಳಲ್ಲಿ ಒಂದು ಸಣ್ಣ ಕೊಕ್ಕೆ ಉಳಿದೇ ಉಳಿಯುತ್ತದೆ, ಏಕೆಂದರೆ ತಿದ್ದುಪಡಿ ಒಮ್ಮೆಲೇ ಬಂದು ಸೇರುತ್ತದೆ.

ಪಲ್ಸ್ ಕಳಿಸುವುದು ಪಿಗ್‌ಪಿಯೋ ಎಂಬ ಲೈಬ್ರರಿ. ಪ್ರೊಸೆಸರ್ ಬೇರೆ ಕೆಲಸದಲ್ಲಿದ್ದರೂ ಪಲ್ಸಿನ ಉದ್ದ ಕೆಡದಂತೆ ಹಾರ್ಡ್‌ವೇರಿನಿಂದ ಸಮಯ ಹಿಡಿಯುವುದು ಇದರ ಗುಣ. ಸಾಫ್ಟ್‌ವೇರಿನಲ್ಲೇ ಎಣಿಸುವ ಲೈಬ್ರರಿ ಬಳಸಿದರೆ ನಿಂತ ತೋಳೂ ನಡುಗುತ್ತದೆ. ಇಲ್ಲಿ ಒಂದು ಒಳಗುಟ್ಟಿದೆ. ಪಿಗ್‌ಪಿಯೋ ತಾನಾಗಿ 5 ಮೈಕ್ರೋಸೆಕೆಂಡ್ ಹೆಜ್ಜೆಯಲ್ಲಿ ಕೆಲಸ ಮಾಡುತ್ತದೆ, ಅಂದರೆ ಅರ್ಧ ಡಿಗ್ರಿ. ಅದರ ಡೀಮನ್ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಶುರುಮಾಡುವಾಗ ಸ್ಯಾಂಪಲ್ ದರವನ್ನು 1 ಮೈಕ್ರೋಸೆಕೆಂಡಿಗೆ ಇಳಿಸಿದರೆ ಹೆಜ್ಜೆ ಸಣ್ಣದಾಗುತ್ತದೆ, ಪ್ರೊಸೆಸರ್ ಮೇಲಿನ ಹೊರೆ ತುಸು ಏರುತ್ತದೆ. ಎಸ್‌ಜಿ90ರಲ್ಲಿ ಇದರ ಲಾಭವನ್ನು ಡೆಡ್‌ಬ್ಯಾಂಡ್ ನುಂಗಿಬಿಡುತ್ತದೆ; ಸಣ್ಣ ಡೆಡ್‌ಬ್ಯಾಂಡ್ ಇರುವ ಡಿಜಿಟಲ್ ಸರ್ವೋ ಹಾಕಿದವರಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಇನ್ನೊಂದು ಎಚ್ಚರಿಕೆ: ರಾಸ್ಪ್‌ಬೆರಿ ಪೈ 5ರಲ್ಲಿ ಜಿಪಿಐಒ ಪಿನ್ನುಗಳು ಆರ್‌ಪಿ1 ಎಂಬ ಬೇರೆ ಚಿಪ್ಪಿನ ಕೈಯಲ್ಲಿರುವುದರಿಂದ ಪಿಗ್‌ಪಿಯೋ ಅದರಲ್ಲಿ ನಡೆಯುವುದಿಲ್ಲ. ಈ ಕೆಲಸಕ್ಕೆ ಹಳೆಯ ಪೈ ಜೀರೋನೇ ಧಾರಾಳ.

ಫೋಟೋವನ್ನು ಗೆರೆಗಳಾಗಿ ಬದಲಿಸುವ ಭಾಗ ಅಂಚುಗಳನ್ನೂ ನೆರಳಿಗೆ ಬೇಕಾದ ಅಡ್ಡಗೆರೆಗಳನ್ನೂ ಬೇರೆ ಬೇರೆಯಾಗಿ ಎಳೆಯುತ್ತದೆ. ಎರಡಕ್ಕೂ ಒಂದೊಂದು ಸಂಖ್ಯೆ ಕೊಡಬೇಕು: ಅಂಚಿಗೆ 2, ಅಡ್ಡಗೆರೆಗೆ 16 ಒಳ್ಳೆಯ ಆರಂಭ. ಸಂಖ್ಯೆ ಚಿಕ್ಕದಾದಷ್ಟೂ ಗೆರೆ ದಟ್ಟ. 8ಕ್ಕೆ ಇಳಿಸುವ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆದರೆ ಒಂದೆರಡು ಮಿಲಿಮೀಟರ್ ತಪ್ಪುವ ತೋಳಿಗೆ ಒಂದು ಮಿಲಿಮೀಟರ್ ಅಂತರದ ಗೆರೆ ಕೊಟ್ಟರೆ ಸಿಗುವುದು ಕಪ್ಪು ಮುದ್ದೆ. ನೆರಳು ಬೆಳಕು ಸ್ಪಷ್ಟವಾಗಿರುವ, ಹಿನ್ನೆಲೆ ಖಾಲಿಯಿರುವ ಫೋಟೋ ಆರಿಸಿ. ಬಿಡಿಸುವ ಜಾಗ ಅಡ್ಡ 14, ಉದ್ದ 9 ಸೆಂಟಿಮೀಟರ್, ಮಧ್ಯಕ್ಕಿಂತ ಎಡಕ್ಕೆ ವಾಲಿದ್ದು. ಮೊಣಕೈ ಒಂದೇ ಕಡೆಗೆ ಮಡಚುವುದರಿಂದ ಹಾಗೆ.

ಪೆನ್ನುಗಳಲ್ಲಿ ಬಾಲ್‌ಪಾಯಿಂಟ್ ಬೇಡ. ಅದಕ್ಕೆ ಒತ್ತಡ ಬೇಕು, ಒತ್ತಿದರೆ ಘರ್ಷಣೆ, ಘರ್ಷಣೆಗೆ ಕಡ್ಡಿ ಬಳುಕುತ್ತದೆ. ಸಣ್ಣ ಮೊನೆಯ ಫೈಬರ್ ಪೆನ್ ಮುಟ್ಟಿದರೆ ಸಾಕು ಬರೆಯುತ್ತದೆ. ಪೆನ್ಸಿಲ್ ಸವೆದಂತೆ ಎತ್ತರ ಬದಲಾಗಿ, ಚಿತ್ರ ಮುಗಿಯುವ ಹೊತ್ತಿಗೆ ಗೆರೆ ಮಾಯ. ಪೆನ್ನು ಎತ್ತುವ ಎತ್ತರ ಎರಡು ಮೂರು ಮಿಲಿಮೀಟರ್ ಮೀರದಿರಲಿ, ಹೆಚ್ಚಾದರೆ ಇಳಿಯುವಾಗ ಕುಪ್ಪಳಿಸಿ ಚುಕ್ಕೆ ಬೀಳುತ್ತದೆ.

ಜರ್ಮನಿಯ ನ್ಯೂರಂಬರ್ಗ್‌ನ ಫ್ಯಾಬ್‌ಲ್ಯಾಬ್ ಎಂಬ ಹವ್ಯಾಸಿಗಳ ಕಾರ್ಯಾಗಾರದಲ್ಲಿ ಹುಟ್ಟಿದ ಪ್ಲಾಟ್‌ಕ್ಲಾಕ್ ಜೊತೆ ಇದನ್ನು ಹೋಲಿಸುವುದುಂಟು. ಅದೂ ಮೂರು ಸಣ್ಣ ಸರ್ವೋಗಳದ್ದೇ, ಬಿಳಿ ಹಲಗೆಯ ಮೇಲೆ ಸಮಯ ಬರೆದು ಒರೆಸುತ್ತದೆ. ಅದರಲ್ಲಿ ಎರಡೂ ತೋಳಿನ ಮೋಟರುಗಳು ಬುಡದಲ್ಲೇ ಇರುವುದರಿಂದ ಅವುಗಳಲ್ಲಿ ಒಂದು ಇನ್ನೊಂದರ ಭಾರ ಹೊರಬೇಕಿಲ್ಲ, ಆದರೆ ಕೀಲುಗಳು ಹೆಚ್ಚು, ಸಡಿಲೂ ಹೆಚ್ಚು. ಅಂಕಿ ಬರೆಯಲು ಅದು, ಚಿತ್ರಕ್ಕೆ ಇದು. ನೇರ ಗೆರೆಯೇ ಬೇಕೆನ್ನುವವರು ನಿಖರ ಹೆಜ್ಜೆಗಳಲ್ಲಿ ತಿರುಗುವ ಸ್ಟೆಪರ್ ಮೋಟರಿನ, ಆಕ್ಸಿಡ್ರಾದಂಥ ಪ್ಲಾಟರ್ (ಪೆನ್ನಿನಿಂದ ಬಿಡಿಸುವ ಯಂತ್ರ) ಕೊಳ್ಳಲಿ, ಬ್ರಾಕಿಯೋಗ್ರಾಫನ್ನು ಎಷ್ಟು ತಿದ್ದಿದರೂ ಅದು ಅಲ್ಲಿಗೆ ತಲುಪುವುದಿಲ್ಲ. ತ್ರೀಡಿ ಪ್ರಿಂಟ್ ತೋಳು ಹಾಕಿ ಸುಧಾರಿಸಲು ಹೊರಡುವುದೂ ವ್ಯರ್ಥ ಶ್ರಮವೇ. ಕಡ್ಡಿ ಬಳುಕುವುದರಿಂದ ಆಗುವ ತಪ್ಪು ಮೋಟರಿನಿಂದ ಆಗುವ ತಪ್ಪಿನ ಮುಂದೆ ತೀರಾ ಸಣ್ಣದು.

ಏನನ್ನೂ ಕೊಳ್ಳುವ ಮೊದಲೇ ವರ್ಚುವಲ್ ಸ್ಥಿತಿಯಲ್ಲಿ ಪ್ರೋಗ್ರಾಂ ಓಡಿಸಿ, ಪರದೆಯ ಮೇಲೆ ಟರ್ಟಲ್ ಗ್ರಾಫಿಕ್ಸಿನಲ್ಲಿ ತೋಳು ಹೇಗೆ ಬಿಡಿಸುತ್ತದೆಂದು ನೋಡಬಹುದು. ತೋಳಿನ ಉದ್ದ ಬದಲಿಸಿ ಪ್ರಯೋಗ ಮಾಡಲು ಅದೇ ಸುಲಭ ದಾರಿ. ಕೊಳ್ಳುವಾಗ ಮೂರು ಸರ್ವೋ ಬದಲು ಆರು ಕೊಳ್ಳಿ. ಒಂದೇ ಪ್ಯಾಕೆಟ್ಟಿನ ಎಸ್‌ಜಿ90ಗಳಲ್ಲೂ ಒಂದರ ಸಡಿಲು ಇನ್ನೊಂದಕ್ಕಿಲ್ಲ. ಪ್ರತಿಯೊಂದಕ್ಕೂ ಉದ್ದನೆಯ ಕಡ್ಡಿ ಕಟ್ಟಿ, ಎರಡೂ ದಿಕ್ಕಿನಿಂದ 1500 ಮೈಕ್ರೋಸೆಕೆಂಡ್ ಪಲ್ಸಿಗೆ ತಂದು, ಕಡ್ಡಿಯ ತುದಿ ನಿಂತ ಎರಡು ಜಾಗಗಳ ಅಂತರ ಅಳೆಯಿರಿ. ಅಂತರ ಅತಿ ಕಡಿಮೆ ಇರುವುದು ಭುಜಕ್ಕೆ, ನಂತರದ್ದು ಮೊಣಕೈಗೆ, ಎಲ್ಲಕ್ಕಿಂತ ಕೆಟ್ಟದ್ದು ಪೆನ್ನು ಎತ್ತುವುದಕ್ಕೆ.